ಕಟಕಟೆ, ಖಜಾನೆ, ಕದನ: ಇಸ್ರೇಲಿನ ಮನೆಯೊಳಗಿಂದ ಕಂಡ ನೆತನ್ಯಾಹು

ಊರಿನಲ್ಲಿ ರಾತ್ರಿ ಊಟ ಮುಗಿಯುವ ಹೊತ್ತಿಗೆ ಇಲ್ಲಿ ಇನ್ನೂ ಸಂಜೆ. ಫೋನ್ ಬರುತ್ತದೆ. ಎರಡು ವರ್ಷಗಳಿಂದ ಮೊದಲ ಪ್ರಶ್ನೆ ಒಂದೇ: ‘ಅಲ್ಲಿ ಗಲಾಟೆ ಉಂಟಾ?’ ‘ಇಲ್ಲಮ್ಮ, ಈಗ ಆರಾಮುಂಟು’ ಎನ್ನುತ್ತೇವೆ. ಅಷ್ಟು ಹೇಳುವಾಗಲೂ ಕಣ್ಣು ಮಾತ್ರ ಮನೆಯ ಟಿ.ವಿ. ಕಡೆಗೇ ಇರುತ್ತದೆ.

ಮಂಗಳೂರು, ಉಡುಪಿ ಕಡೆಯಿಂದ ಇಸ್ರೇಲಿಗೆ ಬಂದ ನಮ್ಮಲ್ಲಿ ಹೆಚ್ಚಿನವರ ಕೆಲಸ ವೃದ್ಧರ ಆರೈಕೆ. ಅವರ ಮನೆಯಲ್ಲೇ ನಮ್ಮ ವಾಸ. ಅಜ್ಜಿಯನ್ನು ‘ಸಬ್ತಾ’, ಅಜ್ಜನನ್ನು ‘ಸಬಾ’ ಎಂದು ಕರೆಯುತ್ತೇವೆ. ಬೆಳಿಗ್ಗೆ ಮಾತ್ರೆ ಕೊಡುವಾಗ ಹಾಕಿದ ಸುದ್ದಿ ವಾಹಿನಿ ರಾತ್ರಿ ಮಲಗಿಸುವವರೆಗೂ ಓಡುತ್ತಿರುತ್ತದೆ. ಹೀಬ್ರೂ ಕಲಿತದ್ದೇ ಹಾಗೆ. ಬೆಂಜಮಿನ್ ನೆತನ್ಯಾಹು ಅವರನ್ನು ಈ ದೇಶ ‘ಬೀಬಿ’ ಎನ್ನುತ್ತದೆ. ಆ ಹೆಸರು ನಮ್ಮ ಕಿವಿಗೆ ದಿನಕ್ಕೆ ನೂರು ಸಲ ಬೀಳುತ್ತದೆ. ನಾವು ಇಲ್ಲಿ ಮತದಾರರಲ್ಲ. ಆದರೆ ಅವರ ಒಂದೊಂದು ತೀರ್ಮಾನವೂ ನಮ್ಮ ಸಂಬಳಕ್ಕೆ, ವಿಮಾನಕ್ಕೆ, ನಿದ್ದೆಗೆ ಬಂದು ತಟ್ಟುತ್ತದೆ.

ಪ್ರಧಾನಿಯೂ ಆರೋಪಿಯೂ ಒಬ್ಬರೇ

2025ರ ನವೆಂಬರ್ 30, ಭಾನುವಾರ. ಇಲ್ಲಿ ಅದು ವಾರದ ಮೊದಲ ಕೆಲಸದ ದಿನ. ತಮ್ಮನ್ನು ಕ್ಷಮಿಸಬೇಕೆಂದು ನೆತನ್ಯಾಹು ಅಧ್ಯಕ್ಷ ಐಸಾಕ್ ಹೆರ್ಜೊಗ್ ಅವರಿಗೆ ಅರ್ಜಿ ಸಲ್ಲಿಸಿದ ಸುದ್ದಿ ಬಂತು. ತಪ್ಪೊಪ್ಪಿಗೆ ಇಲ್ಲ, ರಾಜೀನಾಮೆಯೂ ಇಲ್ಲ. ವಿಚಾರಣೆ ದೇಶವನ್ನು ಒಡೆಯುತ್ತಿದೆ, ಆಡಳಿತಕ್ಕೆ ಅಡ್ಡಿಯಾಗುತ್ತಿದೆ ಎಂಬುದು ಅವರ ವಾದ. ತಪ್ಪೊಪ್ಪಿಕೊಂಡು ರಾಜಕೀಯ ಬಿಡದೆ ಕ್ಷಮೆ ಸಲ್ಲದು ಎಂದರು ವಿರೋಧ ಪಕ್ಷದ ನಾಯಕ ಯಾಯಿರ್ ಲಪೀದ್.

ಪ್ರಕರಣಗಳು ಮೂರು. ಶ್ರೀಮಂತ ಸ್ನೇಹಿತರಿಂದ ಸಿಗಾರ್, ಷಾಂಪೇನ್ ಮುಂತಾದ ಲಕ್ಷಾಂತರ ಶೆಕೆಲ್ ಮೌಲ್ಯದ ಉಡುಗೊರೆ ಪಡೆದದ್ದು ಒಂದು. ಅನುಕೂಲಕರ ಸುದ್ದಿಗಾಗಿ ಪತ್ರಿಕೆಯೊಂದರ ಮಾಲೀಕರೊಂದಿಗೆ ಮಾತುಕತೆ ನಡೆಸಿದ್ದು ಇನ್ನೊಂದು. ಸುದ್ದಿತಾಣವೂ ಇದ್ದ ದೂರವಾಣಿ ಉದ್ಯಮಿಗೆ ನೆರವಾದದ್ದು ಮೂರನೆಯದು. ಇವೆಲ್ಲ ಆರೋಪಗಳು, ಎಲ್ಲವನ್ನೂ ಅವರು ನಿರಾಕರಿಸಿದ್ದಾರೆ. ವಿಚಾರಣೆ ಆರಂಭವಾದದ್ದು 2020ರ ಮೇ ತಿಂಗಳಲ್ಲಿ. ಅವರು ಸಾಕ್ಷ್ಯ ನುಡಿಯಲು ಕಟಕಟೆ ಏರಿದ್ದು 2024ರ ಡಿಸೆಂಬರ್ 10ರಂದು, ಯುದ್ಧದ ನಡುವೆ. ಭದ್ರತೆಗಾಗಿ ಟೆಲ್ ಅವೀವ್ ನ್ಯಾಯಾಲಯದ ನೆಲಮಾಳಿಗೆಯ ಸಭಾಂಗಣವೇ ಬೇಕಾಯಿತು.

ಇಸ್ರೇಲಿನ ಕಾನೂನಿನಂತೆ, ಅಂತಿಮವಾಗಿ ಅಪರಾಧಿ ಎಂದು ತೀರ್ಮಾನವಾಗುವವರೆಗೆ ಪ್ರಧಾನಿ ಹುದ್ದೆ ಬಿಡಬೇಕಾಗಿಲ್ಲ. ಹಿಂದಿನ ಪ್ರಧಾನಿ ಎಹುದ್ ಓಲ್ಮರ್ಟ್ 2008ರಲ್ಲಿ ಬೇರೆ ದಾರಿ ಹಿಡಿದಿದ್ದರು. ಪ್ಯಾಲೆಸ್ತೀನಿಯನ್ ನಾಯಕ ಮಹಮೂದ್ ಅಬ್ಬಾಸ್ ಜೊತೆ ಶಾಂತಿ ಮಾತುಕತೆ ನಡೆಯುತ್ತಿರುವಾಗಲೇ, ಭ್ರಷ್ಟಾಚಾರದ ತನಿಖೆಯ ಒತ್ತಡದಿಂದ ರಾಜೀನಾಮೆ ಕೊಟ್ಟರು. ಮುಂದೆ ಜೈಲಿಗೂ ಹೋದರು. ನೆತನ್ಯಾಹು ಕುರ್ಚಿ ಬಿಡಲಿಲ್ಲ.

61ರ ಲೆಕ್ಕ

ಇಲ್ಲಿನ ಸಂಸತ್ತು ‘ಕ್ನೆಸೆಟ್’ನಲ್ಲಿ 120 ಸ್ಥಾನ. ಬಹುಮತಕ್ಕೆ 61 ಬೇಕು. ಯುದ್ಧದ ಸುದ್ದಿ ಓದುವ ಊರಿನವರು ಈ ಸಂಖ್ಯೆಯನ್ನು ನೆನಪಿಟ್ಟುಕೊಂಡರೆ ಅರ್ಧ ಗೊಂದಲ ತಪ್ಪುತ್ತದೆ.

2025ರ ಆರಂಭವನ್ನೇ ನೋಡಿ. ಜನವರಿ 19ರಂದು ಗಾಜಾದಲ್ಲಿ ಕದನವಿರಾಮ ಜಾರಿಯಾಯಿತು. ಅದೇ ದಿನ ಸಚಿವ ಇತಾಮರ್ ಬೆನ್ ಗ್ವಿರ್ ಅವರ ಪಕ್ಷ ಒಪ್ಪಂದವನ್ನು ವಿರೋಧಿಸಿ ಸರ್ಕಾರದಿಂದ ಹೊರಬಂತು. ಪ್ರಧಾನಿಯ ಬೆಂಬಲ 61ರ ಅಂಚಿಗೆ ಇಳಿಯಿತು. ಮಾರ್ಚ್ 31ರೊಳಗೆ ಬಜೆಟ್ ಪಾಸಾಗದಿದ್ದರೆ ಕ್ನೆಸೆಟ್ ತಾನಾಗಿಯೇ ವಿಸರ್ಜನೆಯಾಗುತ್ತದೆ ಎಂಬುದು ಇಲ್ಲಿನ ನಿಯಮ. ಒಪ್ಪಂದದ ಎರಡನೇ ಹಂತಕ್ಕೆ ಮಾತುಕತೆ ಹೋಗಲೇ ಇಲ್ಲ. ಮಾರ್ಚ್ 18ರ ಬೆಳಗಿನ ಜಾವ ಬಾಂಬ್ ದಾಳಿ ಮತ್ತೆ ಶುರುವಾಯಿತು. ಆ ದಿನ ನಡೆಯಬೇಕಿದ್ದ ಪ್ರಧಾನಿಯ ಸಾಕ್ಷ್ಯ ರದ್ದಾಯಿತು. ಬೆನ್ ಗ್ವಿರ್ ಸರ್ಕಾರಕ್ಕೆ ಮರಳಿದರು. ಮಾರ್ಚ್ 25ರಂದು 66–52 ಮತಗಳಿಂದ ಬಜೆಟ್ ಪಾಸಾಯಿತು.

ಒತ್ತೆಯಾಳುಗಳನ್ನು ಬಿಡಲು ಹಮಾಸ್ ಒಪ್ಪದ ಕಾರಣ ದಾಳಿ ಅನಿವಾರ್ಯವಾಯಿತು ಎಂದು ಸರ್ಕಾರ ಹೇಳಿತು. ಕುರ್ಚಿಗಾಗಿ ಯುದ್ಧ ಎಂದು ಬೀದಿಗಿಳಿದವರು ಕೂಗಿದರು. ನಾವಿರುವ ಮನೆಯೊಂದರಲ್ಲಿ ಸಬಾ ಒಂದು ಕಡೆ, ಮಗ ಇನ್ನೊಂದು ಕಡೆ. ಬೀಬಿಯನ್ನು ಸುಮ್ಮನೆ ಸಿಕ್ಕಿಸಿದ್ದಾರೆ ಎನ್ನುವುದು ಅಪ್ಪನ ಮಾತು. ಒತ್ತೆಯಾಳುಗಳಿಗಿಂತ ಅವರಿಗೆ ಸರ್ಕಾರವೇ ದೊಡ್ಡದು ಎನ್ನುವುದು ಮಗನ ಮಾತು. ಶುಕ್ರವಾರ ರಾತ್ರಿಯ ಶಬ್ಬಾತ್ ಊಟದ ಮೇಜಿನಲ್ಲಿ ಇಬ್ಬರೂ ಮುಖ ತಿರುಗಿಸಿ ಕುಳಿತಾಗ ನಾವು ಸೂಪ್ ಬಡಿಸಿ ಅಡುಗೆಮನೆಗೆ ಬರುತ್ತೇವೆ.

ಶೆಕೆಲ್ ಮತ್ತು ರೂಪಾಯಿ

2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಸುಮಾರು 1,200 ಜನ ಸತ್ತರು, 251 ಜನ ಒತ್ತೆಯಾಳುಗಳಾದರು. ಎರಡೇ ದಿನಗಳಲ್ಲಿ, ಬೀಳುತ್ತಿದ್ದ ಶೆಕೆಲ್ ಹಿಡಿದು ನಿಲ್ಲಿಸಲು 30 ಶತಕೋಟಿ ಡಾಲರ್‌ವರೆಗೆ ಮಾರುವುದಾಗಿ ಬ್ಯಾಂಕ್ ಆಫ್ ಇಸ್ರೇಲ್ ಘೋಷಿಸಿತು. ಆದರೂ ಆ ತಿಂಗಳು ಡಾಲರಿಗೆ 4 ಶೆಕೆಲ್ ದಾಟಿತು. ಪ್ಯಾಲೆಸ್ತೀನಿಯನ್ ಕಾರ್ಮಿಕರ ಪರವಾನಗಿ ನಿಂತು ಕಟ್ಟಡದ ಕೆಲಸಗಳು ಅರ್ಧಕ್ಕೆ ನಿಂತವು. ಆ ಜಾಗಕ್ಕೆ ಹರಿಯಾಣ, ಉತ್ತರ ಪ್ರದೇಶದ ಹುಡುಗರು ಬಂದರು. 2024ರಲ್ಲಿ ಮೂಡೀಸ್ ಸಂಸ್ಥೆ ದೇಶದ ಸಾಲದ ದರ್ಜೆಯನ್ನು ಎರಡು ಸಲ ಇಳಿಸಿತು. ಯುದ್ಧದ ಖರ್ಚು ತುಂಬಿಸಲು 2025ರ ಜನವರಿ 1ರಿಂದ ವ್ಯಾಟ್ ಶೇ 17ರಿಂದ 18ಕ್ಕೆ ಏರಿತು.

ಇದು ಮನೆಗೆ ಮುಟ್ಟುವ ಬಗೆ ಹೀಗೆ. 2023ರ ಅಕ್ಟೋಬರ್ ಕೊನೆಯಲ್ಲಿ ಒಂದು ಶೆಕೆಲಿಗೆ ಸುಮಾರು 20 ರೂಪಾಯಿ ಸಿಗುತ್ತಿತ್ತು. 2025ರ ನವೆಂಬರ್ ಕೊನೆಗೆ ಅದು 27 ರೂಪಾಯಿಯ ಆಸುಪಾಸಿಗೆ ಬಂತು. ಕದನವಿರಾಮದ ನಂತರ ಶೆಕೆಲ್ ಬಲವಾದದ್ದು ಒಂದು ಕಾರಣ, ನಮ್ಮ ರೂಪಾಯಿ ಇಳಿದದ್ದು ಇನ್ನೊಂದು. ಸಾವಿರ ಶೆಕೆಲ್ ಕಳುಹಿಸಿದರೆ ಏಳು ಸಾವಿರ ರೂಪಾಯಿ ಹೆಚ್ಚು. ಮನೆ ಸಾಲದ ಕಂತು ಕಟ್ಟುವವರಿಗೆ ಇದು ಸಣ್ಣ ಮೊತ್ತವಲ್ಲ. ಯುದ್ಧ ನಿಂತರೆ ಯಾರಿಗೆ ಏನು ಲಾಭ ಎಂದು ಕೇಳುವವರಿಗೆ ನಾವು ಈ ಲೆಕ್ಕವನ್ನೂ ತೋರಿಸುತ್ತೇವೆ.

ಸೈರನ್ ಕೂಗಿದಾಗ

ಆದರೆ ಹಣದ ಲೆಕ್ಕ ಜೂನ್ 13ರ ರಾತ್ರಿ ಮರೆತುಹೋಗಿತ್ತು. ಇರಾನ್ ಜೊತೆ 12 ದಿನಗಳ ಯುದ್ಧ. ಬೆನ್ ಗುರಿಯನ್ ವಿಮಾನ ನಿಲ್ದಾಣ ಬಂದ್. ‘ಆಪರೇಷನ್ ಸಿಂಧು’ ಅಡಿ ಭಾರತ ಸರ್ಕಾರ ಹಲವರನ್ನು ಜೋರ್ಡಾನ್, ಈಜಿಪ್ಟ್ ಗಡಿ ದಾಟಿಸಿ ಊರಿಗೆ ಮುಟ್ಟಿಸಿತು. ನಮ್ಮಲ್ಲಿ ಬಹಳ ಮಂದಿ ಹೋಗಲಿಲ್ಲ. ಹಾಸಿಗೆ ಹಿಡಿದ ಸಬ್ತಾಳನ್ನು ಬಿಟ್ಟು ಹೇಗೆ ಹೋಗುವುದು? ಹೊಸ ಕಟ್ಟಡಗಳಲ್ಲಿ ‘ಮಮಾಡ್’ ಎಂಬ ಗಟ್ಟಿ ಗೋಡೆಯ ಕೋಣೆ ಮನೆಯೊಳಗೇ ಇರುತ್ತದೆ. ಹಳೆಯ ಕಟ್ಟಡಗಳಲ್ಲಿ ಅದಿಲ್ಲ. ಲಿಫ್ಟ್ ಇಲ್ಲದ ಮೂರನೇ ಮಹಡಿಯಿಂದ ಗಾಲಿಕುರ್ಚಿ ಇಳಿಸಲು ಸಮಯವೆಲ್ಲಿ? ಮೆಟ್ಟಿಲಿನ ಗೋಡೆಗೆ ಒತ್ತಿ ನಿಂತು, ಅವಳ ತಲೆಯ ಮೇಲೆ ಕೈಯಿಟ್ಟು ಕಾದವರು ನಮ್ಮಲ್ಲಿದ್ದಾರೆ. ಆ ಸಂಗತಿಯನ್ನು ಫೋನಿನಲ್ಲಿ ಅಮ್ಮನಿಗೆ ಹೇಳಿಲ್ಲ.

ಗಾಜಾದ ಕದನವಿರಾಮ ಅಕ್ಟೋಬರ್ 10ರಂದು ಮತ್ತೆ ಜಾರಿಯಾಯಿತು. 13ರಂದು ಜೀವಂತವಿದ್ದ ಕೊನೆಯ 20 ಒತ್ತೆಯಾಳುಗಳು ಮನೆಗೆ ಬಂದರು. ಅಂದು ಸಬ್ತಾ ಅತ್ತಳು, ನಾವೂ ಅತ್ತೆವು. ಅದೇ ದಿನ ಕ್ನೆಸೆಟ್‌ನಲ್ಲಿ ಮಾತಾಡಿದ ಅಮೆರಿಕದ ಅಧ್ಯಕ್ಷ ಟ್ರಂಪ್, ಬೀಬಿಯನ್ನು ಕ್ಷಮಿಸಿಬಿಡಿ ಎಂದು ಹೆರ್ಜೊಗ್ ಅವರಿಗೆ ಎಲ್ಲರೆದುರೇ ಹೇಳಿದರು. ಗಡಿಯಾಚೆ ಗಾಜಾದಲ್ಲಿ ಸತ್ತವರ ಸಂಖ್ಯೆ 70 ಸಾವಿರ ದಾಟಿದೆ ಎಂದು ನವೆಂಬರ್ ಕೊನೆಗೆ ಅಲ್ಲಿನ ಆರೋಗ್ಯ ಇಲಾಖೆ ತಿಳಿಸಿತು. ಶನಿವಾರ ಯಾಫಾದ ಸಂತ ಅಂತೋನಿ ಇಗರ್ಜಿಯಲ್ಲಿ ಪ್ರಾರ್ಥಿಸುವಾಗ ಎರಡೂ ಕಡೆಯ ತಾಯಂದಿರು ನೆನಪಾಗುತ್ತಾರೆ.

ಮುಂದೇನು?

2025ರ ಕೊನೆಗೂ ಕ್ಷಮೆಯ ಬಗ್ಗೆ ಅಧ್ಯಕ್ಷರ ತೀರ್ಮಾನ ಬಂದಿರಲಿಲ್ಲ. ಯೆಹೂದಿ ಧಾರ್ಮಿಕ ವಿದ್ಯಾರ್ಥಿಗಳನ್ನು ಸೇನೆಗೆ ಸೇರಿಸುವ ವಿವಾದದಿಂದ ಎರಡು ಧಾರ್ಮಿಕ ಪಕ್ಷಗಳು 2025ರ ಜುಲೈಯಲ್ಲೇ ಸರ್ಕಾರದಿಂದ ದೂರ ಸರಿದಿದ್ದವು. ಹೊಸ ಬಜೆಟಿಗೆ 2026ರ ಮಾರ್ಚ್ 31ರ ಗಡುವು ಇತ್ತು. ಚುನಾವಣೆಗೆ ಕಾನೂನಿನ ಕೊನೆಯ ಗಡುವು 2026ರ ಅಕ್ಟೋಬರ್.

ಊರಿನಲ್ಲಿರುವ ನಿಮಗೆ ನಮ್ಮದೊಂದು ಮಾತು. ವಾಟ್ಸ್‌ಆ್ಯಪ್‌ನಲ್ಲಿ ಬರುವ ಬೆಂಕಿಯ ವಿಡಿಯೊ ನೋಡಿ ಗಾಬರಿಯಾಗಬೇಡಿ. ಗಡುವಿನ ದಿನಗಳನ್ನು ಗಮನಿಸಿ. ಬಜೆಟ್, ನ್ಯಾಯಾಲಯ, ಮೈತ್ರಿಕೂಟ ಮೂರರಲ್ಲೂ ಬಿಸಿ ಏರಿದ ವಾರದಲ್ಲಿ ನಾವೂ ಮೊಬೈಲ್ ತುಂಬ ಚಾರ್ಜ್ ಮಾಡಿ, ಪಾಸ್‌ಪೋರ್ಟ್ ಚೀಲದಲ್ಲಿಟ್ಟುಕೊಂಡು ಮಲಗುತ್ತೇವೆ. ಊರಿಗೆ ಟಿಕೆಟ್ ಮಾಡಿಸುವವರು ಮರಳಿ ಬರುವ ವೀಸಾ ಸರಿಯಿದೆಯೇ ಎಂದು ಮೊದಲು ನೋಡಿಕೊಳ್ಳುತ್ತೇವೆ.

ಇಂದು ರಾತ್ರಿಯೂ ಫೋನ್ ಬರುತ್ತದೆ. ‘ಗಲಾಟೆ ಉಂಟಾ?’ ಎಂಬ ಪ್ರಶ್ನೆಗೆ ‘ಇಲ್ಲಮ್ಮ’ ಎನ್ನುತ್ತೇವೆ. ಅದು ಸದ್ಯಕ್ಕೆ ನಿಜ. ಒಳಕೋಣೆಯಿಂದ ಸಬ್ತಾ ಕರೆಯುತ್ತಾಳೆ, ಅವಳ ಮಾತ್ರೆಯ ಹೊತ್ತಾಯಿತು.