ತಲಪರಿಗೆಯ ತಿಳಿನೀರಿಗೆ ಗುಡ್ಡದ ಕುರುಚಲೇ ಕಾವಲು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ 500ರಿಂದ 700 ಮಿಲಿಮೀಟರ್. ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್–ಅಕ್ಟೋಬರಿನ ಕೆಲವೇ ಜೋರು ಮಳೆಗಳಲ್ಲಿ ಸುರಿದುಹೋಗುತ್ತದೆ. ಇಂಥ ಕಡೆಯೂ ಕೆರೆ ಬತ್ತಿದ ಮೇಲೆ ಊರನ್ನು ಕಾಯುತ್ತಿದ್ದುದು ತಲಪರಿಗೆ. ಕೆರೆಯಂಗಳದಲ್ಲೋ ಹಳ್ಳದ ದಂಡೆಯಲ್ಲೋ ಮರಳಿನಡಿಯಿಂದ ನೀರು ಜಿನುಗುವ ಕಡೆ ಗುಂಡಿ ತೋಡಿ, ಸುತ್ತ ಕಲ್ಲು ಕಟ್ಟಿ, ಕಾಲುವೆ ಮಾಡಿ ಗದ್ದೆಗೆ ಹಾಯಿಸುವ ಏರ್ಪಾಡು ಅದು. ಊರವರೇ ಸೇರಿ ಹೂಳು ತೆಗೆಯುತ್ತಿದ್ದರು. ಕುಡಿಯಲೂ ಅದೇ ನೀರು.

ಮೋಟರಿಲ್ಲ, ಫಿಲ್ಟರಿಲ್ಲ, ಆದರೂ ನೀರು ತಿಳಿ. ಅದು ತಿಳಿಯಾಗುವ ಕೆಲಸ ಶುರುವಾಗುವುದು ಕೆರೆಯ ಮೇಲಿನ ಗುಡ್ಡದಲ್ಲಿ.

ದಪ್ಪ ಮಳೆಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ಬೋಳು ನೆಲವಾದರೆ ಮಣ್ಣಿನ ಹರಳು ಒಡೆದು ಪುಡಿಯಾಗುತ್ತದೆ. ಆ ಪುಡಿ ಮಣ್ಣಿನ ಸಣ್ಣ ಕಂಡಿಗಳನ್ನು ಮುಚ್ಚಿ ಮೇಲೆ ಗಟ್ಟಿ ಪದರ ಕಟ್ಟುತ್ತದೆ. ಆಮೇಲೆ ಬಿದ್ದ ಮಳೆ ಇಂಗುವುದಿಲ್ಲ. ಕೆಂಪಗೆ ಹರಿದು ಕೆರೆ ಸೇರುತ್ತದೆ. ಗೊಬ್ಬರದ ರಂಜಕ ಬಹುಮಟ್ಟಿಗೆ ಮಣ್ಣಿನ ಕಣಕ್ಕೆ ಅಂಟಿಕೊಂಡೇ ಬರುವುದರಿಂದ ಹೂಳಿನ ಜೊತೆಗೆ ಪಾಚಿಗೂ ಮೇವು ಸಿಗುತ್ತದೆ.

ಎತ್ತರದ ಮರವಿದ್ದ ಮಾತ್ರಕ್ಕೆ ಇದು ತಪ್ಪದು. ಎಲೆಯಂಚಿನಲ್ಲಿ ಹನಿಗಳು ಕೂಡಿ ಇನ್ನೂ ದಪ್ಪಗಾಗಿ ಉದುರುತ್ತವೆ. ತರಗೆಲೆ ಗುಡಿಸಿ ಒಯ್ದ ನೀಲಗಿರಿ ತೋಪಿನಲ್ಲಿ ಮಣ್ಣು ಕೊಚ್ಚುವುದು ಇದರಿಂದಲೇ. ಹನಿಯ ಪೆಟ್ಟನ್ನು ತಡೆಯುವುದು ನೆಲಕ್ಕೆ ಹತ್ತಿರವಿರುವ ತಂಗಡಿ, ಬಂದರೆ, ಹುಲ್ಲು, ತರಗು. ನೋಡಲು ಕಳೆಗುಂದಿದ, ‘ಬೀಳು’ ಎಂದು ನಾವು ತಳ್ಳಿಹಾಕುವ ಕುರುಚಲು ಕಾಡು ಇದೇ. ಇದರ ಬೇರು, ಗೆದ್ದಲು, ಎರೆಹುಳು ಕೊರೆದ ದಾರಿಗಳಲ್ಲಿ ನೀರು ನಿಧಾನಕ್ಕೆ ಇಳಿಯುತ್ತದೆ. ಕೆಸರು ಮೇಲೇ ನಿಲ್ಲುತ್ತದೆ. ಒಂದಿಷ್ಟು ನೈಟ್ರೇಟನ್ನು ಬೇರು ಹೀರಿಕೊಂಡರೆ, ಇನ್ನೊಂದಿಷ್ಟನ್ನು ಒದ್ದೆ ಮಣ್ಣಿನ ಬ್ಯಾಕ್ಟೀರಿಯಾ ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಹಳ್ಳದ ದಂಡೆಯ ಹೊಂಗೆ, ಲಕ್ಕಿಯ ನೆರಳು ನೀರನ್ನು ತಂಪಾಗಿಡುತ್ತದೆ. ತಣ್ಣೀರಿನಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ.

ಕಾಡೂ ನೀರು ಕುಡಿಯುತ್ತದೆ ಎಂಬುದು ನಿಜ. ಕಾಡು ಬೆಳೆಸಿದರೆ ನೀರು ಹೆಚ್ಚೇ ಆಗುತ್ತದೆಂದು ಹೇಳಲಾಗದು. ಬಂದ ನೀರು ಮಣ್ಣಿಲ್ಲದೆ, ತಡವಾಗಿ, ಹೆಚ್ಚು ದಿನ ಬರುತ್ತದೆ ಎನ್ನಬಹುದು. ಬಯಲುಸೀಮೆಗೆ ಅದು ಸಣ್ಣ ಲಾಭವಲ್ಲ.

ಇಂಗುವುದು ಕಡಿಮೆಯಾಗಿ, ಬೋರುಗಳ ಸಂಖ್ಯೆ ಏರಿದಂತೆ ಹಲವು ತಲಪರಿಗೆಗಳು ಬತ್ತಿದವು. ಪಾವಗಡದಲ್ಲಿ ಆಳದ ನೀರಿಗೆ ಇನ್ನೊಂದು ಕಾಟ: ಫ್ಲೋರೈಡ್. ಗ್ರಾನೈಟ್ ಬಂಡೆಯ ಸಂದಿಯಲ್ಲಿ ವರ್ಷಗಟ್ಟಲೆ ನಿಂತ ನೀರಿಗೆ ಕಲ್ಲಿನ ಫ್ಲೋರೈಡ್ ಕರಗಿ ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಕಾಡು ಈ ಫ್ಲೋರೈಡನ್ನು ಸೋಸಲಾರದು. ಆದರೆ ಈಚೆಗೆ ಇಂಗಿದ ಮೇಲ್ಪದರದ ನೀರಿನಲ್ಲಿ ಅದು ಸಾಮಾನ್ಯವಾಗಿ ಕಡಿಮೆ. ಆ ನೀರನ್ನು ತುಂಬಿಕೊಡುವುದು ಇಂಗುವ ಗುಡ್ಡ.

ನ್ಯೂಯಾರ್ಕ್ ನಗರ 1997ರಲ್ಲಿ ಇದೇ ಲೆಕ್ಕ ಹಾಕಿತು. ಕೋಟ್ಯಂತರ ಡಾಲರಿನ ಸೋಸುವ ಘಟಕ ಕಟ್ಟುವ ಬದಲು ನೀರು ಬರುವ ಕ್ಯಾಟ್ಸ್‌ಕಿಲ್ ಬೆಟ್ಟಗಳ ಕಾಡು, ಹೊಲಗಳ ರಕ್ಷಣೆಗೆ ಒಪ್ಪಂದ ಮಾಡಿಕೊಂಡಿತು. ನಮ್ಮ ಜಯಮಂಗಲಿಯೂ ದೇವರಾಯನದುರ್ಗದ ಗುಡ್ಡದಲ್ಲಿ ಹುಟ್ಟಿ, ಕೊರಟಗೆರೆ, ಮಧುಗಿರಿ ದಾಟಿ ಉತ್ತರ ಪಿನಾಕಿನಿಯನ್ನು ಸೇರುವ ನದಿ. ಬೆಂಕಿ ಬಿದ್ದು ಗುಡ್ಡ ಬೋಳಾದರೆ ಈ ವರ್ಷ ಕೆರೆಯಿಂದ ತೆಗೆಸಿದ ಹೂಳು ಕೆಲವೇ ಮಳೆಗಾಲದಲ್ಲಿ ವಾಪಸು ಬರುತ್ತದೆ. ಕೆರೆ ಹೂಳೆತ್ತುವ ಅಂದಾಜುಪಟ್ಟಿಯಲ್ಲಿ ಗುಡ್ಡಕ್ಕೆ ಬೇಸಿಗೆ ಬೆಂಕಿ ಬೀಳದಂತೆ ಕಾಯುವ ಕೂಲಿಯನ್ನೂ ಸೇರಿಸುವುದೇ ಅಗ್ಗದ ದಾರಿ.