ಹಿರಿಯರಿಗೆ ಮಸೀದಿಯ ಮೆಟ್ಟಿಲು ಭಾರವಾಗದಿರಲಿ
ಜಮಾಅತ್‌ನಲ್ಲಿ ದುರ್ಬಲರು, ರೋಗಿಗಳು, ವೃದ್ಧರು ಇರುತ್ತಾರೆ, ಆದ್ದರಿಂದ ಇಮಾಮರು ನಮಾಝನ್ನು ಹಗುರಗೊಳಿಸಬೇಕೆಂದು ಪ್ರವಾದಿ(ಸ)ರು ಕಲಿಸಿದರು. ಅದೇ ಕಾಳಜಿಯನ್ನು ನಾವು ಮಸೀದಿಯ ಕಟ್ಟಡದಲ್ಲೂ ತೋರಬೇಕು.

ಐದು ಹೊತ್ತೂ ಬರುತ್ತಿದ್ದ ಹಿರಿಯರು ಈಗ ಮನೆಯಲ್ಲೇ ನಮಾಝ್ ಮಾಡುತ್ತಿದ್ದರೆ, ಅವರನ್ನು ತಡೆದದ್ದು ನಮ್ಮ ಮೆಟ್ಟಿಲುಗಳೇ ಇರಬಹುದು. ಒಂದು ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದದ ಇಳಿಜಾರು ದಾರಿ ಬೇಕು. ಅದಕ್ಕಿಂತ ಕಡಿದಾದರೆ ಗಾಲಿಕುರ್ಚಿ ತಳ್ಳುವುದು ಕಷ್ಟ, ಇಳಿಸುವುದು ಅಪಾಯ. ಎರಡೂ ಬದಿಯಲ್ಲಿ ಹಿಡಿದುಕೊಳ್ಳಲು ಕಂಬಿಯಿರಲಿ. ವುಝೂ ಮಾಡುವಲ್ಲಿ ಒದ್ದೆಯಾದರೂ ಜಾರದ ನೆಲ, ಸುಲಭವಾಗಿ ಎದ್ದೇಳಬಹುದಾದ ಎತ್ತರದ ಆಸನ, ಬೆರಳು ನೋಯಿಸದ ನಲ್ಲಿ ಬೇಕು. ಕುರ್ಚಿಗಳನ್ನು ಮೂಲೆಗೆ ತಳ್ಳದೆ ಸಫ್‌ನಲ್ಲೇ ಇಡೋಣ.

ಮುಂದಿನ ಜುಮಾದಂದು ಹಿರಿಯರೊಬ್ಬರ ಜೊತೆ ಗೇಟಿನಿಂದ ಸಫ್‌ವರೆಗೆ ನಡೆಯೋಣ. ಅವರು ಎಲ್ಲಿ ಗೋಡೆ ಹಿಡಿಯುತ್ತಾರೋ, ನಮ್ಮ ಕೆಲಸ ಅಲ್ಲಿಂದಲೇ ಆರಂಭವಾಗಲಿ.