ಲೈಟರಿನ ಕಿಡಿ ಎಲ್ಲಿಂದ ಬಂತು?

ಗ್ಯಾಸ್ ಲೈಟರ್ ಒತ್ತಿದ್ರ
ಟಕ್ ಅಂತ ಕಿಡಿ.
ಒಳಗ ಬ್ಯಾಟರಿ ಇಲ್ಲ.
ಹಂಗಾದ್ರ ಕರೆಂಟ್ ಎಲ್ಲಿಂದ ಬಂತ್ರಿ?

ಮುಧೋಳದಾಗ ಕಬ್ಬಿನ ಗಾಣ ನೋಡೀರಲ್ಲ?
ಹಿಂಡಿದ್ರ ಹಾಲು ಬರ್ತೈತಿ.
ಲೈಟರಿನೊಳಗ ಸಣ್ಣದೊಂದು ಸೆರಾಮಿಕ್ ತುಂಡು ಐತಿ.
ಸ್ಪ್ರಿಂಗ್ ಸುತ್ತಿಗೆ ಬಡಿದು ಅದನ್ನ ಹಿಂಡಿದ್ರ
ಸಾವಿರಾರು ವೋಲ್ಟ್ ಬರ್ತೈತಿ!

ಇದು ಪೀಜೋಎಲೆಕ್ಟ್ರಿಕ್ ಗುಣ.
1880ರಾಗ ಫ್ರಾನ್ಸಿನ ಕ್ಯೂರಿ ಅಣ್ಣತಮ್ಮರು ಕಂಡುಹಿಡಿದದ್ದು.

ನನಗ ಖರೇ ಬೆರಗು ಅನಿಸೋದು ಇದರ ಉಲ್ಟಾ ಆಟ.
ಕರೆಂಟ್ ಕೊಟ್ರ ತುಂಡು ನಡಗತೈತಿ.
ಜಮಖಂಡಿಯಾಗ ಬಸುರಿಗೆ ಸ್ಕ್ಯಾನಿಂಗ್ ಮಾಡ್ತಾರಲ್ಲ,
ಆ ಪ್ರೋಬಿನೊಳಗೂ ಇಂಥದೇ ತುಂಡು.
ನಡುಗಿ, ಕಿವಿಗೆ ಕೇಳದ ಸದ್ದು ಕಳಸತೈತಿ.
ಕೂಸಿಗೆ ತಾಕಿ ಮರಳಿದ ಸದ್ದು ಅದನ್ನ ಒತ್ತತೈತಿ.
ಆ ಒತ್ತಡ ಕರೆಂಟ್ ಆಗಿ
ಪರದೆ ಮ್ಯಾಲ ಚಿತ್ರ ಮೂಡತೈತಿ.

ಕೈಯಾಗಿನ ಕ್ವಾರ್ಟ್ಜ್ ಗಡಿಯಾರ?
ಅದರ ಹರಳು ಸೆಕೆಂಡಿಗೆ 32,768 ಸಲ ನಡಗತೈತಿ!